ಉಪ್ಪಿಗಿಂತ ರುಚಿ ಬೇರೆ ಇಲ್ಲ, ಆದರೆ...

ಯುಗಾದಿ ಬಂತೆಂದರೆ ಬೇವಿಗೂ ಬೆಲ್ಲಕ್ಕೂ ಎಲ್ಲಿಲ್ಲದ ಗೌರವ. ಸಿಹಿಗೆ ಹೋಳಿಗೆಯಿದೆ, ಹುಳಿಗೆ ಮಾವಿನಕಾಯಿ ಚಿತ್ರಾನ್ನವಿದೆ, ಖಾರಕ್ಕೆ ಒಬ್ಬಟ್ಟಿನ ಸಾರಿದೆ. ಪಾಪ, ಉಪ್ಪಿಗೆ ಮಾತ್ರ ಯಾವ ಹಬ್ಬವೂ ಇಲ್ಲ! ಎಲೆಯ ತುದಿಯಲ್ಲಿ ಒಂದು ಚಿಟಿಕೆ ಬಡಿಸಿದರೆ ಅದಕ್ಕೆ ಸಂದ ಮರ್ಯಾದೆ ಮುಗಿಯಿತು. ಹಾಗೆಂದು ಅದಿಲ್ಲದೆ ಹಬ್ಬದಡುಗೆ ನಡೆಯುವುದೂ ಇಲ್ಲ. ಸಂಚಿಕೆಯ ಸಂಪಾದಕರು "ಡಾಕ್ಟ್ರೇ, ಈ ಸಲ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ" ಎಂದು ಫೋನ್ ಮಾಡಿದಾಗ ಉಪ್ಪಿನ ಬಗ್ಗೆಯೇ ಬರೆಯೋಣ ಎನಿಸಿತು. ಉಪದೇಶ ಮಾಡುವ ಯೋಗ್ಯತೆ ನನಗಿದೆ ಎಂದಲ್ಲ. ಉಪ್ಪಿನ ವಿಷಯದಲ್ಲಿ ಡಾಕ್ಟರಾದ ನಾನೇ ಎರಡು ಸಲ ಎಡವಿದ್ದೇನೆ. ಆ ಎರಡು ಕಥೆಗಳನ್ನು ಹೇಳಿದರೆ ನಿಮ್ಮಲ್ಲಿ ಒಬ್ಬರಿಗಾದರೂ ಉಪಯೋಗವಾದೀತು.

ಮೊದಲನೆಯದು 2022ರದು. ಕೋವಿಡ್ ಕಳೆದು ಬಹಳ ದಿನಗಳ ಮೇಲೆ ನಮ್ಮ ಕನ್ನಡ ಬಳಗದವರೆಲ್ಲ ಒಂದೆಡೆ ಸೇರಿದ್ದೆವು. ಸಭಾಂಗಣದ ಒಂದು ಮೂಲೆಯಲ್ಲಿ ಮೇಜು ಹಾಕಿ, ನಾವು ಮೂವರು ಡಾಕ್ಟರುಗಳು ಬಂದವರಿಗೆಲ್ಲ ಬಿ.ಪಿ. ನೋಡುತ್ತಿದ್ದೆವು. ಸ್ವಲ್ಪ ಹೆಚ್ಚಿದ್ದವರಿಗೆಲ್ಲ ನನ್ನದು ಒಂದೇ ಮಂತ್ರ: "ಉಪ್ಪು ಕಡಿಮೆ ಮಾಡಿ, ದಿನಾ ವಾಕಿಂಗ್ ಹೋಗಿ, ನಿಮ್ಮ ಜಿ.ಪಿ.ಯನ್ನು ನೋಡಿ." ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದ ಮೇಲೆ, ನಮಗೆ ಸಹಾಯಕ್ಕೆಂದು ಬಂದಿದ್ದ ಮೆಡಿಕಲ್ ವಿದ್ಯಾರ್ಥಿನಿಯೊಬ್ಬಳು "ಅಂಕಲ್, ನಿಮ್ಮದೂ ನೋಡ್ತೀನಿ, ಕೈ ಕೊಡಿ" ಎಂದಳು. 164/98! "ಬೆಳಗಿನಿಂದ ಬಳಸಿ ಬಳಸಿ ಯಂತ್ರ ಕೆಟ್ಟಿರಬೇಕಮ್ಮ" ಎಂದೆ. ಅವಳು ಐದು ನಿಮಿಷ ಬಿಟ್ಟು ಇನ್ನೊಂದು ಯಂತ್ರದಲ್ಲಿ ನೋಡಿದಳು. 160/96. ಆಮೇಲೆ ನನ್ನದೇ ಧಾಟಿಯಲ್ಲಿ "ಅಂಕಲ್, ಉಪ್ಪು ಕಡಿಮೆ ಮಾಡಿ, ದಿನಾ ವಾಕಿಂಗ್ ಹೋಗಿ..." ಎಂದಾಗ ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿದ್ದೆಗೆಡಿಸಿದ್ದು ಅಪ್ಪನ ನೆನಪು. ಅಪ್ಪ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಮಾವಿನ ಮಿಡಿಯ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಕೊನೆಗೆ ಉಪ್ಪು ಕಲಸಿದ ಮಜ್ಜಿಗೆ ಅನ್ನ... ಇವಿಲ್ಲದಿದ್ದರೆ ಅವರಿಗೆ ಊಟ ಮಾಡಿದಂತೆಯೇ ಅಲ್ಲ. ಐವತ್ತು ದಾಟುತ್ತಲೇ ಬಿ.ಪಿ. ಕಾಣಿಸಿಕೊಂಡಿತು. "ಉಪ್ಪು ಬಿಡಿ" ಎಂದರು ಡಾಕ್ಟರು. ಅಮ್ಮ ಮರುದಿನದಿಂದಲೇ ಅಪ್ಪನಿಗೆ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಸಾರು ಮಾಡತೊಡಗಿದಳು. ಹದಿನೈದು ದಿನ ಅದು ನಡೆಯಿತು. "ಇದೇನು ಊಟವೋ ಬಾಣಂತಿ ಪಥ್ಯವೋ?" ಎಂದು ಗೊಣಗಿಕೊಂಡು ಉಂಡರು. ಹದಿನಾರನೆಯ ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೋಂಡ ತಿನ್ನುತ್ತಾ ಸಿಕ್ಕಿಬಿದ್ದರು! ಅಲ್ಲಿಗೆ ಪಥ್ಯವೂ ಮುಗಿಯಿತು, ಮಾತ್ರೆಯೂ ನೆನಪಾದಾಗ ಮಾತ್ರ ಎಂದಾಯಿತು.

1997ರಲ್ಲಿ, ನಾನು ಮೈಸೂರಿನಲ್ಲಿ ಎಂ.ಡಿ. ಓದುತ್ತಿದ್ದಾಗ, ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದ ಅಪ್ಪ ಕುಸಿದುಬಿದ್ದರು. ಬಲಭಾಗಕ್ಕೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಆಮೇಲೆ ಹನ್ನೊಂದು ತಿಂಗಳು ಬದುಕಿದ್ದರು. ರಜಕ್ಕೆ ಹೋದಾಗ ನಾನೇ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಮುಖ ತಿರುಗಿಸಿ, ಎಡಗೈಯಲ್ಲಿ ಅಡುಗೆಮನೆಯ ಕಡೆ ತೋರಿಸುತ್ತಿದ್ದರು. ಏನು ಕೇಳುತ್ತಿದ್ದಾರೆಂದು ಅಮ್ಮನಿಗೂ ನನಗೂ ಗೊತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಮೇಷ್ಟ್ರಿಗೆ 'ಉಪ್ಪು' ಎಂಬ ಎರಡಕ್ಷರ ಹೇಳಲು ಬಾಯಿ ಬರುತ್ತಿರಲಿಲ್ಲ.

ಅಪ್ಪನನ್ನು ನೋಡಿ ನಾನು ಕಲಿತದ್ದು ಒಂದೇ. ಒಮ್ಮೆಲೇ 'ಉಪ್ಪು ಬಿಡಿ' ಎಂದರೆ ಯಾರೂ ಬಿಡುವುದಿಲ್ಲ. ನಮ್ಮವರಿಗೆ ಉಪ್ಪೆಂದರೆ ಬರೀ ರುಚಿಯಲ್ಲ, ಋಣ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವಾಗ ನಾವು ನೆನೆಯುವುದು ಅಲ್ಲಿ ತಿಂದ ಉಪ್ಪನ್ನೇ. ದೀಪ ಹಚ್ಚಿದ ಮೇಲೆ ಉಪ್ಪನ್ನು ಸಾಲ ಕೊಡಬಾರದು ಎನ್ನುತ್ತಿದ್ದಳು ನಮ್ಮಜ್ಜಿ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ನಮ್ಮ ಜನ ಬ್ರಿಟಿಷರ ಕಾನೂನು ಮುರಿದದ್ದೂ ಇದೇ ಉಪ್ಪಿಗಾಗಿ. ಬಿಸಿಲಲ್ಲಿ ಬೆವರು ಸುರಿಸಿ ಗೇಯುವ ಬಡವನಿಗೆ ಉಪ್ಪು ಬೇಕೇ ಬೇಕು, ಅದರ ಮೇಲೆ ತೆರಿಗೆ ಹಾಕುವುದು ಅನ್ಯಾಯ ಎಂಬುದು ಅಂದಿನ ಹೋರಾಟ. ನಾವೋ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಕೆಲಸ ಮಾಡುವವರು. ಅಜ್ಜನ ಬೆವರು ನಮ್ಮಲ್ಲಿಲ್ಲ, ಅಜ್ಜನ ಉಪ್ಪು ಮಾತ್ರ ಉಳಿದಿದೆ!

ಉಪ್ಪು ದೇಹದಲ್ಲಿ ಮಾಡುವುದೇನು? ಅಡುಗೆ ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸೋಡಿಯಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂಬ ಗಾದೆ ಬೇರೆ ಅರ್ಥದ್ದಾದರೂ ವೈದ್ಯಶಾಸ್ತ್ರದ ಪ್ರಕಾರವೂ ಸತ್ಯ. ಮೂತ್ರಪಿಂಡಗಳು ಹೆಚ್ಚಾದ ಸೋಡಿಯಂ ಅನ್ನು ಹೊರಹಾಕಲು ಹೆಣಗುತ್ತವೆ, ಅದಕ್ಕಾಗಿ ರಕ್ತದ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತನಾಳಗಳು ಪೆಡಸಾಗುತ್ತವೆ. ಪೊಟ್ಯಾಸಿಯಂ ಇದಕ್ಕೆ ವಿರುದ್ಧ. ಅದು ಸೋಡಿಯಂ ಹೊರಹೋಗಲು ನೆರವಾಗುತ್ತದೆ, ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಟೀ ಚಮಚ.

ಮರುದಿನ ನನ್ನ ಮಡದಿಯನ್ನು ಒಂದು ಪ್ರಶ್ನೆ ಕೇಳಿದೆ. "ನಮ್ಮ ಮನೆಯಲ್ಲಿ ಒಂದು ಕೆ.ಜಿ. ಉಪ್ಪು ಎಷ್ಟು ದಿನಕ್ಕೆ ಮುಗಿಯುತ್ತೆ?" "ತಿಂಗಳಿಗೊಂದು ಪ್ಯಾಕೆಟ್" ಎಂದಳು. ಮನೆಯಲ್ಲಿ ನಾಲ್ಕು ಜನ. ಸಾವಿರ ಗ್ರಾಮನ್ನು ಮೂವತ್ತು ದಿನಕ್ಕೂ ನಾಲ್ಕು ಜನಕ್ಕೂ ಹಂಚಿ ನೋಡಿ. ತಲೆಗೆ ಎಂಟು ಗ್ರಾಮಿಗೂ ಮೇಲೆ! ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಬ್ರೆಡ್ಡು, ಸಾಸುಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಈ ಲೆಕ್ಕವನ್ನು ನೀವೂ ನಿಮ್ಮ ಮನೆಯಲ್ಲಿ ಮಾಡಿ ನೋಡಿ. ಇದಕ್ಕೆ ಡಾಕ್ಟರೂ ಬೇಡ, ಲ್ಯಾಬೂ ಬೇಡ.

ಇದೇ ಲೆಕ್ಕದಿಂದ ಒಂದು ಒಳ್ಳೆಯ ಸುದ್ದಿಯೂ ಹೊರಟಿತು. ಇಲ್ಲಿನ ನಮ್ಮ ನೆರೆಹೊರೆಯವರ ಹೊಟ್ಟೆ ಸೇರುವ ಉಪ್ಪಿನಲ್ಲಿ ಬಹುಪಾಲು ಕಾರ್ಖಾನೆಯಿಂದಲೇ ಬರುತ್ತದೆ: ಬ್ರೆಡ್, ಚೀಸ್, ಹ್ಯಾಮ್, ಪ್ಯಾಕೆಟ್ ತಿಂಡಿಗಳ ಮೂಲಕ. ಅದು ಅವರ ಕೈಯಲ್ಲಿಲ್ಲ. ಸಾರು, ಹುಳಿ, ಪಲ್ಯ, ಉಪ್ಪಿಟ್ಟು ಮಾಡಿಕೊಂಡು ಉಣ್ಣುವ ನಮ್ಮ ಮನೆಗಳಲ್ಲಿ ಹೆಚ್ಚಿನ ಉಪ್ಪು ಒಲೆಯ ಪಕ್ಕದ ಡಬ್ಬಿಯಿಂದಲೇ ಬರುತ್ತದೆ. ಆ ಒಂದು ಡಬ್ಬಿಯನ್ನು ಸರಿಪಡಿಸಿದರೆ ಮುಕ್ಕಾಲು ಕೆಲಸ ಆದಂತೆ!

ಡಬ್ಬಿ ಬದಲಿಸುವ ಈ ಉಪಾಯವನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರು ನಮ್ಮ ಸಿಡ್ನಿಯವರೇ ಎಂಬುದು ನಮಗೆ ಹೆಮ್ಮೆಯ ವಿಷಯ. ಇಲ್ಲಿನ ಜಾರ್ಜ್ ಇನ್‌ಸ್ಟಿಟ್ಯೂಟ್ ಫಾರ್ ಗ್ಲೋಬಲ್ ಹೆಲ್ತ್ ಸಂಸ್ಥೆಯ ಪ್ರೊಫೆಸರ್ ಬ್ರೂಸ್ ನೀಲ್ ಮತ್ತು ಅವರ ಚೀನೀ ಸಂಗಡಿಗರು ಚೀನಾದ 600 ಹಳ್ಳಿಗಳಲ್ಲಿ 20,995 ಜನರನ್ನು ಸುಮಾರು ಐದು ವರ್ಷ ಗಮನಿಸಿದರು. ಎಲ್ಲರೂ ಹಿಂದೆ ಲಕ್ವ ಹೊಡೆದವರು, ಇಲ್ಲವೇ ಅರವತ್ತು ದಾಟಿ ಬಿ.ಪಿ. ಇದ್ದವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು. ಉಳಿದರ್ಧಕ್ಕೆ ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಬದಲಿ ಉಪ್ಪು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬದಲಿ ಉಪ್ಪು ತಿಂದವರಲ್ಲಿ ಲಕ್ವ ಶೇಕಡಾ 14ರಷ್ಟು, ಸಾವು ಶೇಕಡಾ 12ರಷ್ಟು ಕಡಿಮೆ! ಪಥ್ಯವಿಲ್ಲ, ಬೇರೆ ಪಾತ್ರೆಯ ಸಾರಿಲ್ಲ, ಉಪ್ಪು ಮಾತ್ರ ಬೇರೆ. ಓದಿದಾಗ ಅಪ್ಪನ ನೆನಪಾಯಿತು. ಆ ಕಾಲಕ್ಕೆ ಅಮ್ಮನ ಕೈಗೆ ಇಂಥದೊಂದು ಡಬ್ಬಿ ಸಿಕ್ಕಿದ್ದರೆ...?

ಸರಿ, ನಾನೂ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಆ ಬಗೆಯ ಉಪ್ಪು ತಂದೆ. ನನ್ನ ಜಿ.ಪಿ. ಮೊದಲು ರಕ್ತಪರೀಕ್ಷೆ ಮಾಡಿಸಿ, ಕಿಡ್ನಿ ಚೆನ್ನಾಗಿದೆಯೆಂದು ಖಚಿತಪಡಿಸಿಕೊಂಡು, ಬಿ.ಪಿ. ಮಾತ್ರೆಯನ್ನೂ ಶುರುಮಾಡಿದರು. ಕೆಲವು ವಾರಗಳ ನಂತರ ಇನ್ನೊಮ್ಮೆ ಪರೀಕ್ಷೆ. ಜೊತೆಗೆ ಸಂಜೆ ವಾಕಿಂಗ್. ಆರು ತಿಂಗಳಲ್ಲಿ ಬಿ.ಪಿ. 130ರ ಆಸುಪಾಸಿಗೆ ಇಳಿಯಿತು. ಇದರಲ್ಲಿ ಉಪ್ಪಿನ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ಕೇಳಬೇಡಿ, ಬಿಡಿಸಿ ಹೇಳಲಾರೆ. ನನ್ನ ಮಟ್ಟಿಗಂತೂ ಬಹಳ ಹೆಮ್ಮೆಯಾಯಿತು. ಮನೆಗೆ ಬಂದವರಿಗೆಲ್ಲ ಡಬ್ಬಿ ತೋರಿಸಿ ಭಾಷಣ ಬಿಗಿಯುತ್ತಿದ್ದೆ. ಇಲ್ಲಿಗೆ ಮೊದಲ ಕಥೆ ಮುಗಿಯಿತು. ಎರಡನೆಯದನ್ನು ಹೇಳಲು ಈಗಲೂ ಸಂಕೋಚವಾಗುತ್ತದೆ.

2023ರ ಡಿಸೆಂಬರಿನಲ್ಲಿ ಅಮ್ಮ ಊರಿನಿಂದ ಬಂದಳು. ಆಗ ಅವಳಿಗೆ ಎಪ್ಪತ್ತೊಂಬತ್ತು. ಹಳೆಯ ಸಕ್ಕರೆ ಕಾಯಿಲೆ, ಅದರಿಂದ ಸ್ವಲ್ಪ ಸೋತ ಕಿಡ್ನಿ, ಬಿ.ಪಿ.ಗೆ ಟೆಲ್ಮಿಸಾರ್ಟನ್, ಹೃದಯಕ್ಕೆ ಸ್ಪಿರೊನೊಲ್ಯಾಕ್ಟೋನ್. ಮಾತ್ರೆಗಳ ಪಟ್ಟಿ ನನ್ನ ಬಳಿಯೇ ಇತ್ತು. ಇಲ್ಲಿ ಅವಳಿಗೆ ಮೆಡಿಕೇರ್ ಇಲ್ಲ, ಹೇಗೂ ಊರಿನಲ್ಲೇ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾಳೆ ಎಂದು ಸುಮ್ಮನಾದೆ. ಮರುದಿನದಿಂದ ಅಡುಗೆಮನೆ ಅವಳ ವಶವಾಯಿತು.

ಮೊದಲ ದಿನವೇ ಸಾರಿನ ರುಚಿ ನೋಡಿ ಹೇಳಿದಳು. "ಯಾಕೋ ಮಗ, ಈ ಉಪ್ಪು ಉಪ್ಪಾಗೇ ಇಲ್ಲ. ನಾಲಿಗೆ ಮೇಲೆ ಏನೋ ಕಹಿ ಉಳ್ಕೊಳ್ಳುತ್ತೆ."

"ಅದು ಒಳ್ಳೇ ಉಪ್ಪು ಕಣಮ್ಮಾ, ಬಿ.ಪಿ.ಗೆ ಒಳ್ಳೇದು. ಕಹಿಯೆಲ್ಲ ನಿನ್ನ ಭ್ರಮೆ" ಎಂದೆ.

ಮಗ ಡಾಕ್ಟರು, ಎದುರಾಡುವುದುಂಟೇ? ಉಪ್ಪು ಸಾಲದೆಂದು ಅವಳು ಇನ್ನರ್ಧ ಚಮಚ ಸೇರಿಸಿದಳು. ಆ ಸಲ ಬಿಸಿಲೂ ಜೋರಿತ್ತು. ತಂಪಿಗೆಂದು ದಿನಾ ಎಳನೀರು, ಬಾಳೆಹಣ್ಣು, ಟೊಮೇಟೊ ಸಾರು. ಎಲ್ಲವೂ ಪೊಟ್ಯಾಸಿಯಂ ಹೆಚ್ಚಿರುವಂಥವೇ. ನಾಲ್ಕೈದು ವಾರ ಕಳೆಯುವಷ್ಟರಲ್ಲಿ "ಕಾಲಲ್ಲಿ ಶಕ್ತಿಯೇ ಇಲ್ಲ ಕಣೋ" ಎನ್ನತೊಡಗಿದಳು. ಸಂಜೆ ಗಿರಾವೀನ್ ಪಾರ್ಕಿನಲ್ಲಿ ಊರಿಂದ ಬಂದ ಬೇರೆ ಅಜ್ಜಿಯರ ಜೊತೆ ಹರಟುವುದೆಂದರೆ ಅವಳಿಗೆ ಪ್ರಾಣ. ಅಲ್ಲಿಗೂ ಹೋಗುವುದನ್ನು ಬಿಟ್ಟಳು. ಬಿಸಿಲಿಗೆ ಸುಸ್ತು ಎಂದುಕೊಂಡೆ. ಕೊನೆಗೆ ಮಡದಿಯೇ ಹಟ ಹಿಡಿದು ಜಿ.ಪಿ. ಬಳಿ ಕರೆದುಕೊಂಡು ಹೋಗಿ ರಕ್ತ ಕೊಡಿಸಿ ಬಂದಳು.

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಪೊಟ್ಯಾಸಿಯಂ 6.7! ಸಾಮಾನ್ಯವಾಗಿ ಅದು 5ರ ಆಸುಪಾಸನ್ನು ದಾಟಬಾರದು. ಆ ಮಟ್ಟಕ್ಕೆ ಏರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯ ನಿಂತುಬಿಡಬಹುದು. ತಕ್ಷಣ ಆಸ್ಪತ್ರೆಗೆ ಒಯ್ದೆವು. ಇ.ಸಿ.ಜಿ.ಯ ಗೆರೆಗಳು ಗುಡಾರದಂತೆ ಚೂಪಾಗಿ ಎದ್ದು ನಿಂತಿದ್ದವು. ಹೃದಯದ ರಕ್ಷಣೆಗೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ಕೊಟ್ಟರು, ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಟ್ಟರು. ನನ್ನ ಮಗಳಷ್ಟೇ ವಯಸ್ಸಿನ ಡಾಕ್ಟರೊಬ್ಬಳು ಮಾತ್ರೆಗಳ ಪಟ್ಟಿ ನೋಡಿ, ನಂತರ ಮೆಲ್ಲಗೆ ಕೇಳಿದಳು: "ಮನೆಯಲ್ಲಿ ಅಡುಗೆಗೆ ಯಾವ ಉಪ್ಪು ಬಳಸುತ್ತೀರಿ?"

ಇದೇ ಪ್ರಶ್ನೆಯನ್ನು ಎಷ್ಟೋ ರೋಗಿಗಳಿಗೆ ನಾನೇ ಕೇಳಿದ್ದೇನೆ. ಅಂದು ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಅಪ್ಪನ ಹಾಗೆಯೇ.

ಚೀನಾದ ಆ ಅಧ್ಯಯನವನ್ನು ನಾನು ಓದಿದ್ದೆನಲ್ಲ, ಗಂಭೀರ ಕಿಡ್ನಿ ತೊಂದರೆಯಿದ್ದವರನ್ನೂ ಪೊಟ್ಯಾಸಿಯಂ ಉಳಿಸುವ ಮಾತ್ರೆ ತೆಗೆದುಕೊಳ್ಳುವವರನ್ನೂ ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಸ್ಪಿರೊನೊಲ್ಯಾಕ್ಟೋನ್ ಅಂಥದೇ ಮಾತ್ರೆ. ಲಾಭದ ಲೆಕ್ಕವೆಲ್ಲ ನೆನಪಿನಲ್ಲಿತ್ತು, ಆ ಒಂದು ಸಾಲು ಮಾತ್ರ ನನ್ನ ಅಡುಗೆಮನೆಯಲ್ಲಿ ನೆನಪಾಗಲಿಲ್ಲ. ನನಗೆ ಅಮೃತವಾದ ಡಬ್ಬಿ ನನ್ನ ಅಮ್ಮನಿಗೆ ವಿಷವಾಗಿತ್ತು.

ದೇವರು ದೊಡ್ಡವನು. ಮೂರು ದಿನಗಳಲ್ಲಿ ಅಮ್ಮ ಮನೆಗೆ ಬಂದಳು. ಕಾರಿನಲ್ಲಿ ಕ್ಷಮೆ ಕೇಳಿದೆ. "ಹೋಗ್ಲಿ ಬಿಡೋ. ಕಹಿ ಇದೆ ಅಂತ ಮೊದಲ ದಿನವೇ ಹೇಳಿದ್ದೆ. ಡಾಕ್ಟರಾದರೂ ಅಮ್ಮನ ನಾಲಿಗೆನ ನಂಬಬೇಕಪ್ಪ" ಎಂದಳು. ಪೊಟ್ಯಾಸಿಯಂ ಕ್ಲೋರೈಡಿಗೆ ನಿಜಕ್ಕೂ ಸ್ವಲ್ಪ ಕಹಿಯಿದೆ. ಅದು ಅವಳ ಭ್ರಮೆಯಾಗಿರಲಿಲ್ಲ.

ಹಾಗಾದರೆ ಬದಲಿ ಉಪ್ಪು ಕೆಟ್ಟದ್ದೇ? ಖಂಡಿತ ಅಲ್ಲ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮನೆಯ ಅಡುಗೆಗೆ ಮಾಮೂಲಿ ಉಪ್ಪಿನ ಬದಲು ಇಂಥ ಕಡಿಮೆ ಸೋಡಿಯಂ ಉಪ್ಪನ್ನು ಬಳಸಬಹುದೆಂದು ಸಲಹೆ ಕೊಟ್ಟಿತು. ಆದರೆ ಆ ಸಲಹೆ ಮಕ್ಕಳಿಗೆ, ಗರ್ಭಿಣಿಯರಿಗೆ, ಕಿಡ್ನಿ ತೊಂದರೆಯಿರುವವರಿಗೆ ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದೆ. ನಮ್ಮಂಥ ಮನೆಗಳ ಸಮಸ್ಯೆ ಇರುವುದೇ ಇಲ್ಲಿ. ಇಲ್ಲಿ ಒಂದೇ ಡಬ್ಬಿಯ ಉಪ್ಪನ್ನು ಮೊಮ್ಮಗನಿಂದ ಅಜ್ಜಿಯವರೆಗೆ ಮೂರು ತಲೆಮಾರು ಉಣ್ಣುತ್ತದೆ. ಅದರಲ್ಲೂ ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ-ಅಮ್ಮಂದಿರಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಇಲ್ಲದವರು ಎಷ್ಟು ಮಂದಿ? ಆದ್ದರಿಂದ ಉಪ್ಪು ಬದಲಿಸುವ ಮೊದಲು, ಆ ಡಬ್ಬಿಯಿಂದ ಉಣ್ಣುವವರು ಯಾರು ಯಾರು ಎಂದು ನೋಡಿ. ಕಿಡ್ನಿ ತೊಂದರೆಯಿರುವವರು, ಸ್ಪಿರೊನೊಲ್ಯಾಕ್ಟೋನ್ ಅಥವಾ ಅಮಿಲೊರೈಡ್ ತೆಗೆದುಕೊಳ್ಳುವವರು ಅದರ ಗೋಜಿಗೇ ಹೋಗಬಾರದು. ಹೆಸರಿನ ಕೊನೆಯಲ್ಲಿ 'ಪ್ರಿಲ್' ಅಥವಾ 'ಸಾರ್ಟನ್' ಎಂದಿರುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ, ರಕ್ತಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯಬೇಕು. 'ಲೈಟ್', 'ಹಾರ್ಟ್' ಎಂಬ ಹೆಸರು ನೋಡಿ ಮೋಸಹೋಗದೆ, ಪೊಟ್ಯಾಸಿಯಂ ಎಷ್ಟಿದೆಯೆಂದು ಪ್ಯಾಕೆಟ್ಟಿನ ಹಿಂಭಾಗದಲ್ಲಿ ಓದಿ.

ಇನ್ನು ಕೆಲವರು "ನಾವು ಹಿಮಾಲಯದ ಗುಲಾಬಿ ಉಪ್ಪು ಬಳಸ್ತೀವಿ ಡಾಕ್ಟ್ರೇ, ತೊಂದರೆ ಇಲ್ವಲ್ಲ?" ಎನ್ನುತ್ತಾರೆ. ಬಣ್ಣ ಯಾವುದಾದರೇನು, ಗುಲಾಬಿ ಉಪ್ಪೂ ಸಮುದ್ರದ ಉಪ್ಪೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡೇ. ಮೇಲಾಗಿ ಗುಲಾಬಿ ಉಪ್ಪಿನಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2009ರಿಂದ ಬ್ರೆಡ್ಡಿಗೆ ಅಯೋಡಿನ್ ಸೇರಿಸಿದ ಉಪ್ಪನ್ನೇ ಹಾಕಬೇಕೆಂಬ ನಿಯಮವಿದೆ. ಚಪಾತಿ, ಅನ್ನ ಉಣ್ಣುವ ನಮಗೆ ಆ ಬ್ರೆಡ್ಡಿನ ಅಯೋಡಿನ್ ಅಷ್ಟಾಗಿ ಸಿಗುವುದಿಲ್ಲ. ಆದ್ದರಿಂದ ಯಾವ ಉಪ್ಪು ತಂದರೂ 'ಅಯೋಡೈಸ್ಡ್' ಎಂದು ಬರೆದಿದೆಯೇ ಎಂದು ನೋಡಿಕೊಳ್ಳಿ.

ಯಾರಿಗೂ ಅಪಾಯವಿಲ್ಲದ ದಾರಿಯೆಂದರೆ ಇರುವ ಉಪ್ಪನ್ನೇ ನಿಧಾನವಾಗಿ ಕಡಿಮೆ ಮಾಡುವುದು. ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದೂ ಅದೇ. ಅಪ್ಪನಿಗೆ ಮಾಡಿದಂತೆ ಒಂದೇ ದಿನಕ್ಕೆ ನಿಲ್ಲಿಸಲಿಲ್ಲ. ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ, ಆಮೇಲೆ ಹೋಟೆಲಿನ ಸಾಂಬಾರೇ ಉಪ್ಪುಪ್ಪು ಎನಿಸುತ್ತದೆ. ಉಪ್ಪಿನ ಕೊರತೆಯನ್ನು ನಿಂಬೆಹುಳಿ, ಶುಂಠಿ, ಇಂಗಿನ ಒಗ್ಗರಣೆ, ಕೊತ್ತಂಬರಿ ಸೊಪ್ಪು ಎಷ್ಟೋ ತುಂಬುತ್ತವೆ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮೊಸರಿಗೆ ಉಪ್ಪು ಹಾಕುವುದನ್ನು ಬಿಟ್ಟೆವು, ಯಾರಿಗೂ ಗೊತ್ತೇ ಆಗಲಿಲ್ಲ. ಅಂಗಡಿ ಪದಾರ್ಥ ಕೊಳ್ಳುವಾಗ 100 ಗ್ರಾಮಿಗೆ ಸೋಡಿಯಂ 400 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಪರವಾಗಿಲ್ಲ, 120ಕ್ಕಿಂತ ಕಡಿಮೆಯಿದ್ದರೆ ಬಹಳ ಒಳ್ಳೆಯದು. ಇದೇ ಲೆಕ್ಕದಲ್ಲಿ ಉಪ್ಪಿನಕಾಯಿ ಬಾಟಲಿಯನ್ನೊಮ್ಮೆ ತಿರುಗಿಸಿ ನೋಡಿ, ಗಾಬರಿಯಾಗುತ್ತೀರಿ! ಹೊಟ್ಟೆಯುಬ್ಬರಕ್ಕೆ ನೀರಿಗೆ ಹಾಕಿ ಕುಡಿಯುವ ನೊರೆಪುಡಿಯಲ್ಲೂ, ಹಪ್ಪಳದ ಖಾರದಲ್ಲೂ, ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ ಎಂಬುದು ನೆನಪಿರಲಿ.

ನಮ್ಮ ಹಿರಿಯರ ಒಂದು ಪದ್ಧತಿಯನ್ನಂತೂ ನಾನು ಮತ್ತೆ ಶುರುಮಾಡಿದ್ದೇನೆ. ಎಲೆಯ ತುದಿಗೆ ಉಪ್ಪು ಬಡಿಸುವುದು ಬರೀ ಶಾಸ್ತ್ರಕ್ಕೆ ಎಂದುಕೊಂಡಿದ್ದೆ. ಅಡುಗೆಗೆ ಹದವಾಗಿ, ಒಂದು ಚೂರು ಕಡಿಮೆಯೇ ಹಾಕಿ, ಬೇಕಾದವರು ತಮಗೆ ಬೇಕಾದಷ್ಟು ಸೇರಿಸಿಕೊಳ್ಳಲಿ ಎಂಬ ಜಾಣತನವೂ ಅದರಲ್ಲಿದೆ ಎಂದು ಈಗ ಅನಿಸುತ್ತದೆ. ಹಬ್ಬದ ಅಡುಗೆ ಮಾಡುವ ನಮ್ಮ ಬಳಗದ ಸ್ವಯಂಸೇವಕರಲ್ಲಿ ಇದೇ ನನ್ನ ಬಿನ್ನಹ. ನೂರಾರು ಜನ ಉಣ್ಣುವ ಪಂಕ್ತಿಯಲ್ಲಿ ಯಾರ ಕಿಡ್ನಿ ಹೇಗಿದೆಯೋ ನಮಗೆ ತಿಳಿಯದು. ಅಲ್ಲಿಗೆ ಬದಲಿ ಉಪ್ಪು ಬೇಡ. ಮಾಮೂಲಿ ಉಪ್ಪನ್ನೇ ಸ್ವಲ್ಪ ಕಡಿಮೆ ಹಾಕಿ, ಎಲೆಯ ತುದಿಗೆ ಒಂದು ಚಿಟಿಕೆ ಬಡಿಸಿ.

ಅಮ್ಮ ಈಗ ಊರಿನಲ್ಲಿ ಆರಾಮವಾಗಿದ್ದಾಳೆ. ನಮ್ಮ ಅಡುಗೆಮನೆಯಲ್ಲಿ ಇವತ್ತಿಗೂ ಎರಡು ಡಬ್ಬಿಗಳಿವೆ. ಒಂದರ ಮೇಲೆ ನನ್ನ ಮಡದಿ ದಪ್ಪ ಅಕ್ಷರದಲ್ಲಿ 'ಅಮ್ಮನ ಉಪ್ಪು' ಎಂದು ಬರೆದು ಅಂಟಿಸಿದ್ದಾಳೆ. ಅತಿಥಿಗಳು ಬಂದ ದಿನ ಅಡುಗೆಗೆ ಆ ಡಬ್ಬಿಯೇ. ಕಳೆದ ವಾರ ಫೋನ್ ಮಾಡಿದ್ದಾಗ ಅಮ್ಮ ಕೇಳಿದಳು: "ಹಬ್ಬಕ್ಕೆ ಒಬ್ಬಟ್ಟಿನ ಸಾರು ಮಾಡ್ತೀರೇನೋ? ಉಪ್ಪು ನೋಡ್ಕೊಂಡು ಹಾಕೋಕೆ ಹೇಳು."

"ಯಾವ ಉಪ್ಪಮ್ಮಾ?" ಎಂದೆ.

"ಯಾವುದಾದರೂ ಸರಿ, ಉಣ್ಣೋರನ್ನ ನೋಡ್ಕೊಂಡು ಹಾಕೋದು" ಎಂದಳು.

ಎಂ.ಡಿ. ಮಾಡಿದ ನಾನು ಇದಕ್ಕಿಂತ ಹೆಚ್ಚಿನದೇನನ್ನೂ ಹೇಳಲಾರೆ. ಬೇವು-ಬೆಲ್ಲದ ಜೊತೆಗೆ ಹಿತಮಿತವಾದ ಉಪ್ಪೂ ಸೇರಿ ನಿಮ್ಮೆಲ್ಲರ ಬಾಳು ರುಚಿಯಾಗಿರಲಿ. ಸಮಸ್ತ ಕನ್ನಡ ಬಂಧುಗಳಿಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು.